ದುರ್ಬೀನಿನೊಳಗಿನ ಎಳೆ

"ಗುರುಗಳೇ, ಮನಸ್ಸಿಗೆ ಅಡ್ಡ ಬರುವ ಒಂದು ನೆನಪನ್ನು ಒರೆಸಿ ಹಾಕುವುದು ಹೇಗೆ?" ಎಂದು ಕೊಟ್ರಯ್ಯ ಕೇಳಿದ.

ಅವನು ಮಠಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಗುರುಗಳು ಅವನ ಕಡೆ ತಿರುಗಿದರು. ಅವನೇ ಮುಂದುವರಿಸಿದ.

"ಬೆಳಿಗ್ಗೆ ಕಣ್ಣು ಮುಚ್ಚಿ ಕುಳಿತರೆ ಮೊದಲಿನ ಹಾಗೆ ನೂರು ಯೋಚನೆ ಬರುವುದಿಲ್ಲ. ಊಟದ ಯೋಚನೆಯಿಲ್ಲ, ಸಿಟ್ಟಿಲ್ಲ. ಎಲ್ಲ ತಿಳಿಯಾಗಿದೆ. ಒಂದು ಮಾತ್ರ ಹೋಗಿಲ್ಲ. ನನ್ನನ್ನು ಸಾಕಿದವಳು ಅಕ್ಕ. ಹೊರಡುವ ದಿನ, ಎಂಟು ದಿನದಲ್ಲಿ ಬರುತ್ತೇನೆ ಎಂದು ಅವಳಿಗೆ ಸುಳ್ಳು ಹೇಳಿದೆ. ನಿಜ ಹೇಳಿದ್ದರೆ ಬಿಡುತ್ತಿರಲಿಲ್ಲ. ಅವಳು ಬಾಗಿಲಲ್ಲಿ ನಿಂತದ್ದು ಈಗಲೂ ಕಾಣುತ್ತದೆ. ಯಾವುದನ್ನು ಧ್ಯಾನಿಸಿದರೂ ಅದರ ನಡುವೆ ಅವಳೇ ಅಡ್ಡ ನಿಲ್ಲುತ್ತಾಳೆ. ಅದೊಂದು ಹೋದರೆ ಮನಸ್ಸು ಪೂರ್ತಿ ಶುದ್ಧವಾಗುತ್ತದೆ."

"ಎಷ್ಟು ದಿನದಿಂದ ಒರೆಸುತ್ತಿದ್ದೀಯ?"

"ಮೂರು ವರ್ಷದಿಂದ."

"ಹಾಗಾದರೆ ಅವಸರವೇನಿಲ್ಲ, ಒಂದು ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಅರಿಶಿನದ ವ್ಯಾಪಾರ ಮಾಡಿದವನು. ವ್ಯಾಪಾರ ಮಕ್ಕಳ ಕೈಗೆ ಹೋದ ಮೇಲೆ ಅವನಿಗೆ ಒಂದೇ ಆಸೆ ಉಳಿಯಿತು. ಹಳೆಯ ದುರ್ಬೀನುಗಳನ್ನು, ಅಳೆಯುವ ತೂಗುವ ಹಳೆಯ ಉಪಕರಣಗಳನ್ನು ಕೂಡಿಡುವುದು. ಹಡಗಿನವರ ದುರ್ಬೀನು, ನಕ್ಷತ್ರ ನೋಡುವವರ ದುರ್ಬೀನು, ಮಡಿಸಿ ಜೇಬಿನಲ್ಲಿಡುವಂಥದು. ನೆರಳು ನೋಡಿ ಹೊತ್ತು ಹೇಳುವ ಹಲಗೆ. ಚಿನ್ನ ತೂಗುವ ತಕ್ಕಡಿ. ಯಾವ ಊರಿನಲ್ಲಿ ಯಾವ ಮನೆಯ ಅಟ್ಟದಲ್ಲಿ ಏನಿದೆ ಎಂದು ಅವನಿಗೆ ಸುದ್ದಿ ಬರುತ್ತಿತ್ತು. ಹೋಗಿ ತರುತ್ತಿದ್ದ. ಗಾಜಿನ ಬೀರುವಿನಲ್ಲಿ ಇಡುತ್ತಿದ್ದ.

ಅವನು ಒಳ್ಳೆಯವನೇ. ಆ ಸಾಮಾನುಗಳ ಮೇಲೆ ಅವನಿಗಿದ್ದ ಪ್ರೀತಿಯೂ ನಿಜವಾದದ್ದೇ. ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ಉಜ್ಜಿದರೆ ಕೆತ್ತಿದ ಅಂಕಿಗಳು ಸವೆಯುತ್ತವೆ ಎಂದು ಬಲ್ಲವನು. ಗಾಜಿಗೆ ಹಳೆಯ, ತೆಳುವಾದ ಮಲ್ಲು ಪಂಚೆಯ ತುಂಡು ಬಿಟ್ಟು ಬೇರೆ ಬಟ್ಟೆ ಮುಟ್ಟಿಸುತ್ತಿರಲಿಲ್ಲ. ಒರೆಸುವ ಕೆಲಸವನ್ನು ಆಳುಗಳಿಗೆ ಬಿಡುತ್ತಿರಲಿಲ್ಲ. ಆಳುಗಳಿಗೆ ಇದ್ದದ್ದು ಒಂದೇ ಕೆಲಸ. ದಿನಕ್ಕೆ ಎರಡು ಸಲ ಮನೆಯನ್ನೆಲ್ಲ ಗುಡಿಸಿ, ಉದ್ದ ಕೋಲಿಗೆ ಪೊರಕೆ ಕಟ್ಟಿ ಮೂಲೆಮೂಲೆಯ ಬಲೆ ಹೊಡೆಯುವುದು.

ಇಷ್ಟಿದ್ದೂ ಅವನ ಬಳಿ ಒಂದು ಇರಲಿಲ್ಲ. ನೆಲದ ಮಟ್ಟ ನೋಡುವ ದುರ್ಬೀನು. ಕೆರೆ ಕಾಲುವೆ ಅಳೆಯುವವರು ಇಟ್ಟುಕೊಳ್ಳುವಂಥದು. ಮೂರು ಕಾಲಿನ ನಿಲುವಿನ ಮೇಲೆ ಹಿತ್ತಾಳೆಯ ಕೊಳವೆ, ಕೊಳವೆಯ ಬೆನ್ನಿಗೆ, ಅದು ಓರೆಯಿಲ್ಲದೆ ನಿಂತಿದೆಯೇ ಎಂದು ತೋರಿಸುವ ರಸಮಟ್ಟ. ಹೆಸರಾಂತ ಅಳತೆಗಾರನೊಬ್ಬ ತೀರಿಕೊಂಡಾಗ ಅವನ ಮಕ್ಕಳು ಅದನ್ನು ಮಾರಿದರು. ವರ್ತಕ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮನೆಗೆ ತಂದ.

ತಂದವನೇ ಕಣ್ಣಿಟ್ಟು ನೋಡಿದ. ನೋಟದ ನಟ್ಟನಡುವೆ ಒಂದು ಕಪ್ಪು ಗೆರೆ ಅಡ್ಡಲಾಗಿತ್ತು. ಮುಂದಿನ ಗಾಜು ಒರೆಸಿದ, ಹೋಗಲಿಲ್ಲ. ಹಿಂದಿನ ಗಾಜು ಒರೆಸಿದ, ಹೋಗಲಿಲ್ಲ. ಗಡಿಯಾರ ರಿಪೇರಿಯವನನ್ನು ಕರೆಸಿ ಬಿಚ್ಚಿಸಿದ. ಒಳಗೆ ಹಿತ್ತಾಳೆಯ ಒಂದು ಬಳೆ. ಬಳೆಗೆ ಅಡ್ಡಲಾಗಿ ಜೇಡರ ಹುಳುವಿನ ಒಂದು ಎಳೆ.

ಗಡಿಯಾರದವನು ಹತ್ತಿರ ಹಿಡಿದು ನೋಡಿದ. "ಸಾಹುಕಾರರೇ, ಇದನ್ನು ಯಾರೋ ಬೇಕೆಂದೇ ಕಟ್ಟಿದ ಹಾಗಿದೆ. ಎರಡು ತುದಿಗೂ ಅರಗು ಹಚ್ಚಿದೆ."

"ಜೇಡಕ್ಕೆ ಅರಗು ಎಲ್ಲಿ ಸಿಗುತ್ತದಯ್ಯ?" ಎಂದು ವರ್ತಕ ನಕ್ಕ. ಬೆರಳಿಗೆ ಮಲ್ಲು ಬಟ್ಟೆ ಸುತ್ತಿ ಒರೆಸಿಬಿಟ್ಟ.

ನೋಟ ತಿಳಿಯಾಯಿತು. ಮನೆಗೆ ಬಂದವರಿಗೆಲ್ಲ ಅವನು ಅದನ್ನು ತೋರಿಸಿ ಹೇಳುತ್ತಿದ್ದ: "ನನಗಿಂತ ಮೊದಲು ಮೂರು ಜನ ಇದನ್ನು ಇಟ್ಟುಕೊಂಡಿದ್ದರು. ಒಳಗೆ ಜೇಡ ಸಂಸಾರ ಮಾಡಿದ್ದು ಮೂವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ." ಬಂದವರು ತಲೆದೂಗುತ್ತಿದ್ದರು.

ಪೇಟೆಯಿಂದ ಎರಡು ಹರದಾರಿ ದೂರದಲ್ಲಿ ಒಂದು ಊರು. ಊರಿಗೊಂದು ಕೆರೆ. ಹೆಚ್ಚಿನ ನೀರು ಹರಿದುಹೋಗುವ ಕೋಡಿಯನ್ನು ಎರಡು ಮೊಳ ಎತ್ತರಿಸಬೇಕು, ಆಗ ಕೆರೆಯಲ್ಲಿ ಇನ್ನಷ್ಟು ನೀರು ನಿಲ್ಲುತ್ತದೆ ಎಂದು ಊರವರು ತೀರ್ಮಾನಿಸಿದರು. ಕಲ್ಲು ಕಡಿದು ತಂದದ್ದೂ ಆಯಿತು. ಆದರೆ ಕೆರೆಯ ಆಚೆ ದಡದಲ್ಲಿ ಕುಂಬಾರರ ಹದಿಮೂರು ಮನೆಗಳಿದ್ದವು. ಮಣ್ಣು ಹತ್ತಿರವಿರಲಿ ಎಂದು ಅವರ ಅಜ್ಜಂದಿರು ಅಲ್ಲಿ ಕಟ್ಟಿಕೊಂಡದ್ದು. ಎಲ್ಲಕ್ಕಿಂತ ಮುಂದೆ, ನೀರಿಗೆ ಹತ್ತಿರವಾಗಿ ಇದ್ದದ್ದು ಒಬ್ಬ ಹೆಂಗಸಿನ ಮನೆ. ಗಂಡನಿರಲಿಲ್ಲ, ಎರಡು ಹೆಣ್ಣು ಮಕ್ಕಳಿದ್ದರು. ಮನೆಯ ಗೋಡೆಯನ್ನು ಅವಳೇ ಹಾಕಿದ್ದಳು. ಮನೆಯ ಹಿಂದೆ ಮಡಕೆ ಸುಡುವ ಆವಿಗೆ. ಅದನ್ನೂ ಅವಳೇ ಕಟ್ಟಿದ್ದಳು.

ಕೆರೆ ತುಂಬಿದಾಗ ನೀರು ಅವಳ ಹೊಸ್ತಿಲು ಮುಟ್ಟುತ್ತದೆಯೋ ಇಲ್ಲವೋ? ಏರಿಯ ಮೇಲೆ ನಿಂತು ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಮುಟ್ಟುವುದಿಲ್ಲ ಎಂದಾದರೆ ಅವಳು ಅಲ್ಲೇ ಇರಬಹುದು. ಮುಟ್ಟುತ್ತದೆ ಎಂದಾದರೆ ಊರವರು ಮೇಲಿನ ದಿಬ್ಬದಲ್ಲಿ ಜಾಗ ಕೊಡುತ್ತಾರೆ, ಸಾಮಾನು ಹೊರಲು ಆಳು ಕೊಡುತ್ತಾರೆ. ಆದರೆ ಕಟ್ಟಿದ್ದನ್ನೆಲ್ಲ ಬಿಟ್ಟು ಮೊದಲಿನಿಂದ ಕಟ್ಟಬೇಕು. ತಿಳಿಯದೆ ಅಲ್ಲೇ ಉಳಿದರೆ, ಬುಡ ನೆನೆದ ಮಣ್ಣಿನ ಗೋಡೆ ಒಳಗೆ ಮಲಗಿದವರ ಮೇಲೆ ಬೀಳುತ್ತದೆ.

ಊರವರು ಒಬ್ಬ ಅಳತೆಗಾರನನ್ನು ಕರೆಸಿದರು. ಅವನ ಸ್ವಂತ ದುರ್ಬೀನು ಹಳ್ಳ ದಾಟುವಾಗ ಗಾಡಿಯಿಂದ ಬಿದ್ದು ಒಡೆದುಹೋಗಿತ್ತು. ತೀರಿಕೊಂಡ ಆ ಹೆಸರಾಂತ ಅಳತೆಗಾರನೇ ಇವನ ಗುರು. ಗುರುವಿನ ದುರ್ಬೀನು ವರ್ತಕನ ಮನೆ ಸೇರಿದೆ ಎಂದು ಇವನಿಗೆ ಗೊತ್ತಿತ್ತು. ಹೋಗಿ ಕೇಳಿದ.

"ಒಂದು ದಿನದ ಮಟ್ಟಿಗೆ ಕೊಡಿ, ಸಾಹುಕಾರರೇ. ಇನ್ನು ಆರು ದಿನಕ್ಕೆ ಕೋಡಿಯ ಕಲ್ಲು ಕೂರಿಸುತ್ತಾರೆ. ಅಷ್ಟರೊಳಗೆ ಒಂದು ಹೆಂಗಸಿಗೆ, ಮನೆಯಲ್ಲಿರು ಎಂದೋ ಬಿಡು ಎಂದೋ ಹೇಳಬೇಕು."

"ಬೀರುವಿನಿಂದ ಹೊರಗೆ ಹೋದ ಸಾಮಾನು ಹೋದ ಹಾಗೇ ವಾಪಸು ಬಂದದ್ದನ್ನು ನಾನು ಕಂಡಿಲ್ಲ."

"ಹನ್ನೊಂದು ವರ್ಷ ಅದನ್ನು ಹೆಗಲ ಮೇಲೆ ಹೊತ್ತವನು ನಾನು. ಅದರ ಮೂರು ಕಾಲಲ್ಲಿ ಒಂದರ ಮೇಲೆ ಗೀರಿದೆ ನೋಡಿ. ಅದು ನನ್ನಿಂದಲೇ ಆದದ್ದು. ಆವತ್ತು ಗುರುವಿನಿಂದ ಬಿದ್ದ ಏಟೂ ನೆನಪಿದೆ."

ಕೂಡಿಡುವವರಿಗೆ ಸಾಮಾನಿನಷ್ಟೇ ಸಾಮಾನಿನ ಕತೆಯೂ ಇಷ್ಟ. ವರ್ತಕ ಆ ಗೀರಿನ ಕತೆ ಕೇಳಿದ, ಸಂತೋಷಪಟ್ಟ, ಬೀರು ತೆರೆದ. ಅಳತೆಗಾರ ದುರ್ಬೀನನ್ನು ಮಹಡಿಯ ಮೇಲೆ ನಿಲ್ಲಿಸಿ ರಸಮಟ್ಟ ಸರಿಮಾಡಿ ಕಣ್ಣಿಟ್ಟ. ಬಹಳ ಹೊತ್ತು ನೋಡಿದ.

"ಗೆರೆ ಎಲ್ಲಿ?"

"ಯಾವ ಗೆರೆ?"

"ನಡುವೆ ಒಂದು ಗೆರೆ ಇತ್ತು."

"ಓ, ಜೇಡರ ಬಲೆಯೇ! ನಾನೇ ಒರೆಸಿದೆ. ಈಗ ಎಷ್ಟು ತಿಳಿಯಾಗಿದೆ ನೋಡಿ. ಹಳೆಯ ದುರ್ಬೀನು, ಎಲ್ಲವನ್ನೂ ತಲೆಕೆಳಗಾಗಿ ತೋರಿಸುತ್ತದೆ. ತೋರಿಸಿದರೆ ಏನಂತೆ, ಅಲ್ಲಿ ಬದುವಿನ ಮೇಲೆ ಮೇಕೆಯಿದೆಯಲ್ಲ, ಅದರ ಗಡ್ಡದ ಕೂದಲು ಎಣಿಸಬಹುದು."

"ಎಣಿಸಬಹುದು. ಆದರೆ ಆ ಮೇಕೆ ನಿಂತ ನೆಲ ನಿಮ್ಮ ಮನೆಯ ನೆಲಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂದು ಹೇಳಲಾಗದು. ಅದನ್ನು ಹೇಳುತ್ತಿದ್ದದ್ದು ಆ ಎಳೆ, ಸಾಹುಕಾರರೇ. ನನ್ನ ಗುರು ಕಟ್ಟಿದ್ದು. ಉಳಿದದ್ದೆಲ್ಲ ಅದನ್ನು ಹೊತ್ತು ನಿಲ್ಲುವುದಕ್ಕೆ."

ವರ್ತಕ ಅಲ್ಲೇ ಕುಳಿತುಬಿಟ್ಟ. ತಪ್ಪು ತಿಳಿದ ಮೇಲೆ ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವವನಲ್ಲ ಅವನು. ಎದ್ದು ಕೇಳಿದ: "ಬಂಗಾರದ ತಂತಿ ಎಳೆಸಿ ಹಾಕಿಸಲೇ?"

"ದಪ್ಪವಾಗುತ್ತದೆ."

"ತಲೆಗೂದಲು?"

"ಕೆರೆಯ ಅಗಲದಲ್ಲಿ ಒಂದು ಕೂದಲು ಮೂರು ಬೆರಳಿನಷ್ಟು ಜಾಗ ಮುಚ್ಚುತ್ತದೆ. ನನಗೆ ನೋಡಬೇಕಾದದ್ದು ಆ ಮೂರು ಬೆರಳನ್ನೇ. ಜೇಡರ ಎಳೆಯೇ ಆಗಬೇಕು."

ವರ್ತಕ ಆಳುಗಳನ್ನು ಕರೆದು ಒಂದು ಜೇಡ ಹುಡುಕಿ ತನ್ನಿ ಎಂದ. ಅವರು ಮುಖ ಮುಖ ನೋಡಿಕೊಂಡರು. "ಎಲ್ಲಿಂದ ತರುವುದು ಧಣಿ? ಎರಡು ಹೊತ್ತೂ ಬಲೆ ಹೊಡೆಯಿರಿ ಎಂದವರು ತಾವೇ" ಎಂದರು. ಅವನು ತಾನೇ ದೀಪದ ಗೂಡಿನಿಂದ ಹಿಡಿದು ಮಂಚದ ಅಡಿಯವರೆಗೂ ಹುಡುಕಿದ. ಅಷ್ಟು ದೊಡ್ಡ ಮನೆಯಲ್ಲಿ ಒಂದು ಜೇಡವೂ ಇರಲಿಲ್ಲ.

"ನಡೆಯಿರಿ, ಆ ಊರಿಗೇ ಹೋಗೋಣ" ಎಂದ. ದುರ್ಬೀನನ್ನು ತಾನೇ ಹೊತ್ತುಕೊಂಡ.

ಊರು ಸೇರಿದ ಮೇಲೆ, ಏರಿಯ ಮೇಲಿನಿಂದ ಅವನು ಒಮ್ಮೆ ದುರ್ಬೀನಿಗೆ ಕಣ್ಣಿಟ್ಟು ಕೆರೆಯಾಚೆ ನೋಡಿದ. ಆ ಮನೆ ಕೈಗೆ ಸಿಗುವಷ್ಟು ಹತ್ತಿರ ಕಂಡಿತು. ಒಣಗಲು ಇಟ್ಟ ಗಡಿಗೆಗಳು, ಸೂರಿನ ಮೇಲೆ ಒಂದು ಹುಂಜ, ಬಾಗಿಲಲ್ಲಿ ಕುಳಿತು ಒಬ್ಬಳ ತಲೆಯನ್ನು ಒಬ್ಬಳು ಬಾಚುತ್ತಿದ್ದ ಹುಡುಗಿಯರು. ತಲೆಕೆಳಗಾದರೂ ಇಷ್ಟು ಚೆಂದದ ನೋಟ ನಾನು ಕಂಡಿಲ್ಲ ಎಂದುಕೊಂಡ.

ಅವರು ಆ ಮನೆಗೆ ಹೋದಾಗ ಆ ಹೆಂಗಸು ಮಡಕೆ ತಿರುಗಿಸುವ ತಿಗರಿಯ ಮುಂದಿದ್ದಳು. ಏಳಲಿಲ್ಲ.

"ಏನು ಬೇಕಾಗಿತ್ತು?"

"ಒಂದು ಜೇಡ, ತಾಯಿ" ಎಂದ ಅಳತೆಗಾರ.

"ಗಡಿಗೆ ಕೇಳಿಕೊಂಡು ಬರುತ್ತಾರೆ, ಹಣತೆ ಕೇಳಿಕೊಂಡು ಬರುತ್ತಾರೆ. ಪೇಟೆಯ ಸಾಹುಕಾರರು ಜೇಡ ಕೇಳಿಕೊಂಡು ಬಂದದ್ದು ಇದೇ ಮೊದಲು. ಸೂರಿನ ತುಂಬ ಇವೆ. ಚಿಕ್ಕದು ಬೇಕೋ ದೊಡ್ಡದೋ?"

ಅಳತೆಗಾರ ನಗಲಿಲ್ಲ. ಜೇಡ ಯಾತಕ್ಕೆ ಎಂದು ಮುಚ್ಚಿಡದೆ ಹೇಳಿದ. ತಿಗರಿ ನಿಂತಿತು.

"ಅಂದರೆ ನನ್ನ ಮನೆಯ ಜೇಡವೇ ನನ್ನ ಮನೆಯ ಮೇಲೆ ಸಾಕ್ಷಿ ಹೇಳಬೇಕು."

"ನಿಮಗೆ ಬೇಡವಾದರೆ ಪಕ್ಕದ ಮನೆಯಲ್ಲಿ ಕೇಳುತ್ತೇನೆ."

"ಪಕ್ಕದ ಮನೆಯ ಜೇಡ ಬೇರೆ ಮಾತು ಹೇಳುತ್ತದೆಯೇ?"

"ಇಲ್ಲ ತಾಯಿ."

"ಹಾಗಾದರೆ ಇದನ್ನೇ ಹಿಡಿಯಿರಿ" ಎಂದು ಅವಳೇ ಮಣೆ ಹತ್ತಿ, ಮಣ್ಣು ಮೆತ್ತಿದ ಕೈಯಿಂದ ಒಂದನ್ನು ಹಿಡಿದು ಕೊಟ್ಟಳು.

ಬಲೆಯಲ್ಲಿರುವ ಎಳೆ ಅಂಟಾಗಿರುತ್ತದೆ, ಧೂಳು ಹಿಡಿದಿರುತ್ತದೆ. ಜೇಡ ಕೆಳಗಿಳಿಯುವಾಗ ಬಿಡುವ ಎಳೆ ಬೇಕು. ಅಳತೆಗಾರ ಜೇಡವನ್ನು ಕಡ್ಡಿಯ ಮೇಲೆ ಬಿಟ್ಟು ಮೆಲ್ಲಗೆ ತಟ್ಟಿದ. ಅದು ಎಳೆ ಬಿಡುತ್ತ ಇಳಿಯಿತು. ವರ್ತಕ ಕವಲು ಕಡ್ಡಿ ಹಿಡಿದು ಆ ಎಳೆಯನ್ನು ಸುತ್ತಿಕೊಂಡ. ಮೊದಲ ಸಲ ಹರಿಯಿತು. ಎರಡನೆಯ ಸಲವೂ ಹರಿಯಿತು. ನೂರಾರು ಗಾಜು ಒರೆಸಿದ ಕೈಗೆ ಇದು ಹೊಸ ಕೆಲಸ. ಮೂರನೆಯ ಸಲ ನಿಂತಿತು. ಹಿತ್ತಾಳೆಯ ಬಳೆಗೆ ಎಳೆಯನ್ನು ಅಡ್ಡಲಾಗಿ ಬಿಗಿದು, ಎರಡು ತುದಿಗೂ ಅರಗು ಹಚ್ಚಿದರು.

ಬೆಳಿಗ್ಗೆ ಅಳತೆ ನಡೆಯಿತು. ಕೋಡಿಯಲ್ಲಿ ಹೊಸ ಕಲ್ಲಿನ ತಲೆ ಬರುವ ಎತ್ತರಕ್ಕೆ ಒಂದು ಗೂಟ ಹೊಡೆದರು. ಗೂಟದ ಮೇಲೆ ಅಳತೆಯ ಕೋಲು ನಿಲ್ಲಿಸಿ, ದುರ್ಬೀನಿನ ಗೆರೆ ಕೋಲನ್ನು ಎಲ್ಲಿ ಮುಟ್ಟಿತೋ ಅಲ್ಲಿ ಸುಣ್ಣದ ಗುರುತು ಹಾಕಿದರು. ಆಮೇಲೆ ಅದೇ ಕೋಲನ್ನು ಒಂದೊಂದೇ ಮನೆಯ ಹೊಸ್ತಿಲ ಮೇಲೆ ನಿಲ್ಲಿಸಿದರು. ಗೆರೆ ಸುಣ್ಣದ ಗುರುತಿಗಿಂತ ಕೆಳಗೆ ಮುಟ್ಟಿದರೆ ಹೊಸ್ತಿಲು ನೀರಿಗಿಂತ ಮೇಲೆ. ಗುರುತಿಗಿಂತ ಮೇಲೆ ಮುಟ್ಟಿದರೆ ಹೊಸ್ತಿಲು ನೀರಿನೊಳಗೆ.

ಹನ್ನೆರಡು ಮನೆಗಳಲ್ಲಿ ಗೆರೆ ಗುರುತಿಗಿಂತ ಕೆಳಗಿತ್ತು. ಹದಿಮೂರನೆಯ ಮನೆಯಲ್ಲಿ ಅಳತೆಗಾರ ಮೂರು ಸಲ ರಸಮಟ್ಟ ಸರಿಮಾಡಿ ಮೂರು ಸಲ ನೋಡಿದ. ಆ ಹೆಂಗಸು ಏರಿಯ ಮೇಲೆ ಅವನ ಪಕ್ಕದಲ್ಲೇ ನಿಂತಿದ್ದಳು. ಅವಳ ದೊಡ್ಡ ಮಗಳು ಆಚೆ ದಡದಲ್ಲಿ ಕೋಲು ಹಿಡಿದಿದ್ದಳು.

"ಸ್ವಲ್ಪ ಆಚೆ ಸರಿ, ನಾನೊಮ್ಮೆ ನೋಡುತ್ತೇನೆ" ಎಂದಳು. ಕಣ್ಣಿಟ್ಟಳು. "ಅಯ್ಯೋ, ಮನೆ ಆಗಲೇ ತಲೆಕೆಳಗಾಗಿದೆಯಲ್ಲಪ್ಪ!"

"ಅದು ಎಲ್ಲವನ್ನೂ ಹಾಗೇ ತೋರಿಸುತ್ತದೆ, ತಾಯಿ. ನೀವು ಗೆರೆ ಮಾತ್ರ ನೋಡಿ, ಗುರುತು ನೋಡಿ."

ಅವಳು ನೋಡಿದಳು.

"ಎಷ್ಟು?"

"ಎರಡು ಬೆರಳು ನೀರಿನೊಳಗೆ."

ಅವಳು ತನ್ನ ಎರಡು ಬೆರಳನ್ನು ಜೋಡಿಸಿ ಕಣ್ಣ ಮುಂದೆ ಹಿಡಿದುಕೊಂಡಳು. "ಇಷ್ಟೇ?"

"ಮಣ್ಣಿನ ಗೋಡೆಗೆ ಇಷ್ಟು ಸಾಕು."

"ಅದನ್ನು ನೀನು ಹೇಳಬೇಡ. ಮಣ್ಣು ನನಗೆ ಗೊತ್ತು" ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏರಿ ಇಳಿದು ಹೋದಳು.

ವರ್ತಕನಿಗೆ ತಡೆಯಲಾಗಲಿಲ್ಲ. ಅಳತೆಗಾರನ ಕಿವಿಯ ಹತ್ತಿರ ಬಂದು ಕೇಳಿದ. "ಎರಡೇ ಬೆರಳಲ್ಲವೇ? ಈ ಎಳೆ ಕಟ್ಟುವ ಮೊದಲು ಆ ಮನೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು!"

"ಈಗಲೂ ಚೆನ್ನಾಗಿಯೇ ಕಾಣುತ್ತದೆ, ಸಾಹುಕಾರರೇ. ಆದರೆ ಅಲ್ಲಿ ಇರುವ ಹಾಗಿಲ್ಲ."

ಮಾರನೆಯ ದಿನ ಆ ಹೆಂಗಸು ಆವಿಗೆಯಲ್ಲಿದ್ದ ಕೊನೆಯ ಮಡಕೆಗಳನ್ನು ತೆಗೆದಳು. ಊರವರು ಆಡಿದ ಮಾತಿನಂತೆ ದಿಬ್ಬದಲ್ಲಿ ಜಾಗ ಕೊಟ್ಟರು, ಸಾಮಾನು ಹೊತ್ತರು. ವರ್ತಕನೂ ಒಂದು ಬುಟ್ಟಿ ಹೊತ್ತ. ಮಡಕೆ ಹೊತ್ತು ರೂಢಿಯಿಲ್ಲ, ಎರಡು ಒಡೆದ. ಅವಳು ಅವನನ್ನು ಚೆನ್ನಾಗಿ ಬೈದಳು.

ಆ ವರ್ಷ ಕೆರೆ ತುಂಬಿತು. ನೀರು ಹಳೆಯ ಮನೆಯ ಹೊಸ್ತಿಲು ದಾಟಿ ಒಳಗೆ ಎರಡು ಬೆರಳು ನಿಂತಿತು. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಮುಂಗೋಡೆ ಒಳಮುಖವಾಗಿ ಕುಸಿಯಿತು. ದಿಬ್ಬದ ಮೇಲಿನಿಂದ ಅವಳು ಅದನ್ನು ನೋಡಿದಳು. ನೀರು ಇಳಿದ ಮೇಲೆ ಆ ಗೋಡೆಯ ಮಣ್ಣನ್ನು ಹೊತ್ತು ತಂದು ಹೊಸ ಆವಿಗೆಗೆ ಮೆತ್ತಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

 ಕೊಟ್ರಯ್ಯ ಕೇಳಿದ:

"ಹಾಗಾದರೆ ಗುರುಗಳೇ, ಆ ನೆನಪನ್ನು ಒರೆಸದೆ ಹಾಗೇ ಇಟ್ಟುಕೊಂಡು ಕುಳಿತಿರಲೇ?"

"ನಿನ್ನ ಅಕ್ಕನ ಊರಿಗೆ ಇಲ್ಲಿಂದ ಎಷ್ಟು ದಿನದ ದಾರಿ, ಕೊಟ್ರಯ್ಯ?"